ಖನಿಜ ಸಂಪತ್ತು ಮತ್ತು ಪ್ರೇಕ್ಷಣೀಯ ಅದ್ಭುತಗಳು: ಅರಿಜೋನಾ ಸಂಸ್ಥಾನದ ಒಂದು ಪ್ರಶಸ್ತಿಚಿತ್ರ

ಐವತ್ತು ದಾಟಿದ ವಾಚಕರಿಗೆ ಚಿತ್ರಮಂದಿರದ ಒಂದು ಪದ್ಧತಿ ನೆನಪಿರಬೇಕು. ಮುಖ್ಯಚಿತ್ರ ತೊಡಗುವುದಕ್ಕೆ ಮುನ್ನ ಭಾರತ ಸರಕಾರದ ಫಿಲ್ಮ್ಸ್ ಡಿವಿಜನ್ ತಯಾರಿಸಿದ ಕಿರುಚಿತ್ರವೊಂದು ತಪ್ಪದೆ ಬರುತ್ತಿತ್ತು. ಅಣೆಕಟ್ಟಿನ ತೂಬುಗಳಿಂದ ನೊರೆಗರೆದು ಧುಮುಕುವ ನೀರು, ಉಕ್ಕಿನ ಕುಲುಮೆಯಿಂದ ಚಿಮ್ಮುವ ಕಿಡಿ, ಪುರಾತನ ದೇವಾಲಯದ ಶಿಲಾಬಾಲಿಕೆ, ಹೊಲದ ನಡುವೆ ನಿಂತು ನಗುವ ರೈತ, ಇವೆಲ್ಲವೂ ಒಂದೇ ಗಂಭೀರಕಂಠದ ವ್ಯಾಖ್ಯಾನದೊಡನೆ ಹತ್ತು ಹದಿನೈದು ನಿಮಿಷಗಳಲ್ಲಿ ಸಾಗಿಹೋಗುತ್ತಿದ್ದವು. ಪ್ರೇಕ್ಷಕರಲ್ಲಿ ಅನೇಕರು ಆ ಹೊತ್ತಿನಲ್ಲಿ ಹೊರಗೆ ಕಡಲೆಕಾಯಿ ಕೊಳ್ಳುತ್ತಿದ್ದರೆಂಬುದೂ ನಿಜವೇ. 1948ರಲ್ಲಿ ಸ್ಥಾಪಿತವಾದ ಆ ಸಂಸ್ಥೆ ಈಚೆಗೆ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದಲ್ಲಿ ಲೀನವಾಗಿದೆ. ಆದರೆ ಗಿರಿಯನ್ನೂ ಗಣಿಯನ್ನೂ, ಗುಡಿಯನ್ನೂ ಕಾರ್ಖಾನೆಯನ್ನೂ ಒಂದೇ ಸರದಲ್ಲಿ ಪೋಣಿಸಿ ಒಂದು ನಾಡನ್ನು ಹೊರಗಿನವರ ಕಣ್ಣಿಗೆ ಒಪ್ಪಿಸುವ ಈ ಚಿತ್ರಪ್ರಕಾರ ನಮ್ಮಲ್ಲಿ ಹುಟ್ಟಿದ್ದಲ್ಲ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಅದು ಬಹಳ ಮೊದಲೇ ಬೇರೂರಿ ಹಬ್ಬಿತ್ತು.

ಶಾಸನಗಳನ್ನು ಓದಿದವರಿಗೆ ಇಂಥ ಚಿತ್ರಗಳ ಮಾತು ಅಪರಿಚಿತವೆನಿಸಲಾರದು. ನಮ್ಮ ದಾನಶಾಸನಗಳಲ್ಲಿ ಅರಸನ ಬಿರುದಾವಳಿ ಬರುತ್ತದೆ. ಆತನ ನಾಡಿನ ವರ್ಣನೆ ಬರುತ್ತದೆ. ಬಳಿಕ ದತ್ತಿಯ ವಿವರ, ಕೊನೆಯಲ್ಲಿ ಭೂಮಿಯ ಚತುಸ್ಸೀಮೆ. ವರ್ಣನೆಯ ಭಾಗದಲ್ಲಿ ಕೆರೆ ಎಂದೂ ಬತ್ತುವುದಿಲ್ಲ, ಮಾಮರ ಎಂದೂ ಬಂಜೆಯಾಗುವುದಿಲ್ಲ. ಆ ನೆಲವನ್ನು ಉತ್ತವರ ಹೆಸರಾದರೋ ಸಾಮಾನ್ಯವಾಗಿ ಇರುವುದೇ ಇಲ್ಲ. ಹಾಗೆಂದು ಯಾವ ಇತಿಹಾಸಕಾರನೂ ಶಾಸನವನ್ನು ಬಿಸುಡುವುದಿಲ್ಲ. ಪ್ರಶಸ್ತಿಯನ್ನು ಪ್ರಶಸ್ತಿಯೆಂದೇ ಓದಿ, ದತ್ತಿ ಕೊಟ್ಟವನಾರು, ಏತಕ್ಕೆ ಕೊಟ್ಟನೆಂದು ಕೇಳಿ, ಎಲ್ಲೆಯ ವಿವರದಲ್ಲಿ ಅಕಸ್ಮಾತ್ತಾಗಿ ಬಂದ ಹಳೆಯ ಏರಿಯನ್ನೋ ಹುಣಿಸೆಮರವನ್ನೋ ಜೋಪಾನವಾಗಿ ಎತ್ತಿಟ್ಟುಕೊಳ್ಳುತ್ತಾನೆ. ಇಪ್ಪತ್ತನೆಯ ಶತಮಾನದ ಪ್ರಚಾರಚಿತ್ರಗಳನ್ನೂ ಹೀಗೆಯೇ ಓದಬೇಕೆಂಬುದು ನಮ್ಮ ಅಭಿಪ್ರಾಯ. ಅದಕ್ಕೆ ನಿದರ್ಶನವಾಗಿ ಅಮೆರಿಕದ ನೈಋತ್ಯ ಭಾಗದ ಅರಿಜೋನಾ ಸಂಸ್ಥಾನವನ್ನು ಇಲ್ಲಿ ಆರಿಸಿಕೊಂಡಿದೆ.

ಅರಿಜೋನಾ ವಿಸ್ತಾರದಲ್ಲಿ ನಮ್ಮ ಕರ್ನಾಟಕದ ಒಂದೂವರೆಪಟ್ಟು. ಹೆಚ್ಚುಭಾಗ ಮರುಭೂಮಿ ಮತ್ತು ಪ್ರಸ್ಥಭೂಮಿ. 1848ರವರೆಗೆ ಮೆಕ್ಸಿಕೋ ದೇಶಕ್ಕೆ ಸೇರಿದ್ದ ಈ ನೆಲದ ಬಹುಭಾಗ ಯುದ್ಧದ ಫಲವಾಗಿ ಅಮೆರಿಕಕ್ಕೆ ಬಂತು. 1912ರ ಫೆಬ್ರವರಿ 14ರಂದು ಅದು ಒಕ್ಕೂಟದ ನಲವತ್ತೆಂಟನೆಯ ಸಂಸ್ಥಾನವಾಯಿತು. ನವಾಹೋ, ಹೋಪಿ, ಅಪಾಚೆ, ಪೀಮಾ, ಹವಾಸುಪಾಯ್ ಮೊದಲಾದ ಮೂಲಜನಾಂಗಗಳು ಅದಕ್ಕೆ ಎಷ್ಟೋ ಶತಮಾನಗಳ ಮೊದಲಿನಿಂದ ಅಲ್ಲಿ ಬಾಳಿಕೊಂಡು ಬಂದಿದ್ದವು. ಹೊಸ ಸಂಸ್ಥಾನಕ್ಕೆ ಜನ ಬೇಕಿತ್ತು, ಬಂಡವಾಳ ಬೇಕಿತ್ತು, ಪ್ರವಾಸಿ ಬೇಕಿತ್ತು. 1940ರ ಜನಗಣತಿಯಲ್ಲೂ ಅಲ್ಲಿ ಐದು ಲಕ್ಷ ಜನ ತುಂಬಿರಲಿಲ್ಲ. ಶಾಲೆಯ ಮಕ್ಕಳು ತಮ್ಮ ನಾಡಿನ ಐಶ್ವರ್ಯವನ್ನು ಐದು 'ಸಿ'ಕಾರಗಳಾಗಿ ಬಾಯಿಪಾಠ ಮಾಡುತ್ತಿದ್ದರು. ಇಂಗ್ಲಿಷಿನಲ್ಲಿ ಆ ಅಕ್ಷರದಿಂದ ಮೊದಲಾಗುವ ತಾಮ್ರ, ದನಕರು, ಹತ್ತಿ, ನಿಂಬೆ ಕಿತ್ತಳೆಗಳ ಜಾತಿ, ಮತ್ತು ಹವೆ. ಹವೆಯನ್ನೂ ಸರಕಿನ ಪಟ್ಟಿಗೆ ಸೇರಿಸಿದ ಈ ಜಾಣ್ಮೆಯನ್ನು ವಾಚಕರು ಗಮನಿಸಬೇಕು.

ಇಂಥ ನಾಡಿನ ಮೇಲೆ ಚಿತ್ರ ತೆಗೆದದ್ದು ಪ್ರವಾಸೋದ್ಯಮದ ಕಚೇರಿಯಲ್ಲ; ಒಕ್ಕೂಟ ಸರಕಾರದ ಬ್ಯೂರೋ ಆಫ್ ಮೈನ್ಸ್, ಎಂದರೆ ಗಣಿಗಳ ಇಲಾಖೆ. ಗಣಿ ಇಲಾಖೆಗೆ ಚಲನಚಿತ್ರದ ಗೊಡವೆ ಏಕೆಂಬ ಪ್ರಶ್ನೆ ಸಹಜ. ಅದರ ಹುಟ್ಟೇ ಅದಕ್ಕೆ ಉತ್ತರ. 1907ರ ಡಿಸೆಂಬರ್ 6ರಂದು ವೆಸ್ಟ್ ವರ್ಜೀನಿಯಾದ ಮೊನಾಂಗಾ ಎಂಬಲ್ಲಿ ಕಲ್ಲಿದ್ದಲ ಗಣಿಯೊಂದು ಸ್ಫೋಟಿಸಿ, ಸರಕಾರಿ ಲೆಕ್ಕದ ಪ್ರಕಾರವೇ 362 ಮಂದಿ ಸತ್ತರು. ದೇಶವೆಲ್ಲ ತಲ್ಲಣಿಸಿತು. ಅಂಥ ದುರಂತಗಳ ಸರಣಿಯ ತರುವಾಯ, ಗಣಿಕಾರ್ಮಿಕರ ಪ್ರಾಣರಕ್ಷಣೆಯ ಮಾರ್ಗವನ್ನು ಶೋಧಿಸುವುದಕ್ಕಾಗಿ 1910ರಲ್ಲಿ ಈ ಬ್ಯೂರೋ ಸ್ಥಾಪಿತವಾಯಿತು. ಇಟಲಿ, ಪೋಲೆಂಡ್, ಹಂಗೇರಿ ಮುಂತಾದ ನಾನಾ ದೇಶಗಳಿಂದ ಬಂದು, ಒಬ್ಬರ ಭಾಷೆ ಒಬ್ಬರಿಗೆ ತಿಳಿಯದ ಕಾರ್ಮಿಕರಿಗೆ ಅಪಾಯದ ಪಾಠವನ್ನು ಹೇಳಲು ಚಿತ್ರಕ್ಕಿಂತ ಸುಲಭವಾದ ಸಾಧನವಿರಲಿಲ್ಲ. ಹೀಗೆ ಬ್ಯೂರೋ ಕ್ಯಾಮರಾವನ್ನು ಕೈಗೆತ್ತಿಕೊಂಡಿತು.

ಕೆಲವೇ ವರ್ಷಗಳಲ್ಲಿ ಆ ಕ್ಯಾಮರಾದ ಮುಖ ಬೇರೆಡೆಗೆ ತಿರುಗಿತು. ಚಿತ್ರ ತೆಗೆಯಲು ಬೊಕ್ಕಸದಲ್ಲಿ ಹಣವಿಲ್ಲ, ಕಂಪನಿಗಳಲ್ಲಿ ಹಣವುಂಟು. ಏರ್ಪಾಡು ಹೀಗಾಯಿತು: ತಯಾರಿಕೆಯ ವೆಚ್ಚವನ್ನು ತೈಲ, ತಾಮ್ರ, ಗಂಧಕ, ಉಕ್ಕು ಮೊದಲಾದ ಉದ್ಯಮಗಳು ವಹಿಸಬೇಕು, ಮೇಲ್ವಿಚಾರಣೆ ಬ್ಯೂರೋದ್ದು, ಸಹಕಾರಕ್ಕಾಗಿ ಕಂಪನಿಯ ಹೆಸರನ್ನು ಸ್ಮರಿಸಬಹುದು, ಅದರ ಸರಕನ್ನು ಹೊಗಳುವಂತಿಲ್ಲ. ನೋಡುವುದಕ್ಕೆ ನಿರ್ದೋಷವಾದ ಒಪ್ಪಂದ. ಪ್ರತಿಗಳು ಪಿಟ್ಸ್‌ಬರ್ಗ್ ನಗರದ ಪ್ರಯೋಗಕೇಂದ್ರದಿಂದ ಶಾಲೆ, ಕಾಲೇಜು, ಚರ್ಚು, ವರ್ತಕರ ಸಂಘಗಳಿಗೆ ಬಾಡಿಗೆಯಿಲ್ಲದೆ ಹೋಗುತ್ತಿದ್ದವು. ಸಾಗಾಣಿಕೆಯ ಖರ್ಚು ಮಾತ್ರ ತರಿಸಿಕೊಂಡವರದು. 1923ರಲ್ಲಿ ಕೋಡಾಕ್ ಕಂಪನಿ ಹದಿನಾರು ಮಿಲಿಮೀಟರಿನ ಫಿಲ್ಮನ್ನು ಮಾರುಕಟ್ಟೆಗೆ ತಂದಿದ್ದರಿಂದ ಈ ಹಂಚಿಕೆ ಇನ್ನಷ್ಟು ಸುಲಭವಾಯಿತು. ಹಳೆಯ ಅಗಲದ ನೈಟ್ರೇಟ್ ಫಿಲ್ಮು ಕಿಡಿ ಸೋಕಿದರೆ ಭಗ್ಗನೆ ಉರಿಯುವಂಥದು. ಹೊಸ ಫಿಲ್ಮಿಗೆ ಆ ಭಯವಿಲ್ಲ. ಉಪಾಧ್ಯಾಯರು ತರಗತಿಯ ಕಿಟಕಿಗೆ ಪರದೆ ಎಳೆದು ತಾವೇ ಯಂತ್ರವನ್ನು ನಡೆಸಬಹುದಾಗಿತ್ತು. ಜಾಹೀರಾತೆಂದು ಬಂದಿದ್ದರೆ ಮಕ್ಕಳೂ ನಕ್ಕುಬಿಡುತ್ತಿದ್ದರೇನೋ. ಸರಕಾರದ ಮುದ್ರೆಯೊಡನೆ, ಉಪಾಧ್ಯಾಯರ ಕೈಯಿಂದ ಬಂದದ್ದರಿಂದ ಅದು ಪಾಠವಾಯಿತು.

ಬ್ಯೂರೋ ಹೀಗೆ ಒಂದೊಂದು ಸಂಸ್ಥಾನದ ಮೇಲೆ ಒಂದೊಂದು ಚಿತ್ರವನ್ನು ತಯಾರಿಸಿತು. ಅರಿಜೋನಾವನ್ನು ಕುರಿತ ಚಿತ್ರದ ಶೀರ್ಷಿಕೆಯನ್ನು ಕನ್ನಡಿಸಿದರೆ 'ಅರಿಜೋನಾ: ಅದರ ಖನಿಜ ಸಂಪತ್ತು ಮತ್ತು ಪ್ರೇಕ್ಷಣೀಯ ಅದ್ಭುತಗಳು' ಎಂದಾಗುತ್ತದೆ. ಮುಂದೆ ಸಂಸ್ಥಾನದ ನೈಸರ್ಗಿಕ ಸಂಪತ್ತನ್ನು ಕುರಿತು ಬೇರೊಂದು ಆವೃತ್ತಿಯೂ ಬಂತು. ಈ ಬಗೆಯ ಚಿತ್ರಗಳ ಜಾಡು ಹೆಚ್ಚು ಕಡಮೆ ಒಂದೇ. ಭೂಪಟ, ಸಂಸ್ಥಾನದ ಪೂರ್ವೇತಿಹಾಸದ ನಾಲ್ಕು ಮಾತು, ಮಹಾಕಂದರ, ಬಣ್ಣದ ಮರುಭೂಮಿ, ಕಲ್ಲಾಗಿಹೋದ ಮರಗಳ ಅರಣ್ಯ, ಮೂರು ನಾಲ್ಕು ಆಳೆತ್ತರದ ಕಳ್ಳಿಗಳು. ಅಲ್ಲಿಂದ ತಾಮ್ರದ ಗಣಿ, ಕುಲುಮೆ, ಅಣೆಕಟ್ಟು, ಹತ್ತಿಯ ಹೊಲ, ಕಿತ್ತಳೆಯ ತೋಟ. ಶೀರ್ಷಿಕೆಯಲ್ಲಿ 'ಮತ್ತು' ಎಂಬ ಚಿಕ್ಕ ಅವ್ಯಯವಿದೆಯಲ್ಲ, ಇಡೀ ಚಿತ್ರದ ಭಾರ ಅದರ ಮೇಲೆ ನಿಂತಿದೆ. ಗಣಿಯೂ ಗಿರಿಕಂದರವೂ ಒಂದೇ ತಾಯಿಯ ಮಕ್ಕಳು, ಅವುಗಳಲ್ಲಿ ವ್ಯಾಜ್ಯವಿಲ್ಲ ಎಂಬುದೇ ಅದರ ಅರ್ಥ. ವಾಸ್ತವದಲ್ಲಿ ವ್ಯಾಜ್ಯವಿತ್ತು, ಅದು ದೇಶದ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಗಿತ್ತು.

ಮಹಾಕಂದರ, ಎಂದರೆ ಗ್ರ್ಯಾಂಡ್ ಕ್ಯಾನಿಯನ್, ಕೊಲರಾಡೋ ನದಿ ಲಕ್ಷಾಂತರ ವರ್ಷಗಳಲ್ಲಿ ಕೊರೆದ 446 ಕಿಲೋಮೀಟರ್ ಉದ್ದದ, ಒಂದೂವರೆ ಕಿಲೋಮೀಟರಿಗೂ ಮಿಕ್ಕಿ ಆಳದ ಕೊರಕಲು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಲ್ಲಿಗೆ ಮೊದಲು ಧಾವಿಸಿದವರು ಗಣಿಗಾರರು. ಅವರಲ್ಲಿ ರಾಲ್ಫ್ ಕ್ಯಾಮರಾನ್ ಎಂಬಾತ ಕಂದರದೊಳಗೆ ಇಳಿಯುವ ಕಾಲುದಾರಿಯ ಆಯಕಟ್ಟಿನ ಜಾಗಗಳಲ್ಲಿ ಗಣಿಹಕ್ಕು ಬರೆಸಿಕೊಂಡ. ಅದಿರು ಹೆಚ್ಚೇನೂ ಸಿಕ್ಕಲಿಲ್ಲ; ಆದರೆ ಇಳಿದುಹೋಗುವ ಪ್ರವಾಸಿಗಳಿಂದ ತಲೆಗೊಂದು ಡಾಲರ್ ಸುಂಕ ಸಿಕ್ಕಿತು. 1908ರಲ್ಲಿ ಅಧ್ಯಕ್ಷ ಥಿಯೋಡರ್ ರೂಸ್ವೆಲ್ಟ್ ಕಂದರವನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿದಾಗ ಆ ಅಧಿಕಾರವೇ ಇಲ್ಲವೆಂದು ಈತ ಹೋರಾಡಿದ. 1919ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. 1920ರಲ್ಲಿ ತೀರ್ಪು ಕ್ಯಾಮರಾನನ ವಿರುದ್ಧ ಬಂತು. ಮರುವರ್ಷ ಆತ ಅರಿಜೋನಾದ ಪ್ರತಿನಿಧಿಯಾಗಿ ಸೆನೆಟ್ ಸಭೆಯಲ್ಲಿ ಕುಳಿತ! ಇದಕ್ಕಿಂತ ವಿಚಿತ್ರವಾದುದು ಮುಂದೆ ನಡೆಯಿತು. ಕಂದರದ ದಕ್ಷಿಣದ ಅಂಚಿನಲ್ಲಿ, ಪ್ರವಾಸಿಗಳು ಸೂರ್ಯಾಸ್ತವನ್ನು ನೋಡಲು ನಿಲ್ಲುವ ಸ್ಥಳಗಳ ಪಕ್ಕದಲ್ಲೇ, 1956ರಿಂದ 1969ರವರೆಗೆ ಯುರೇನಿಯಂ ಗಣಿಯೊಂದು ನಡೆಯಿತು. ಖನಿಜ ಸಂಪತ್ತು ಮತ್ತು ಪ್ರೇಕ್ಷಣೀಯ ಅದ್ಭುತ ಎರಡೂ ಒಂದೇ ಚೌಕಟ್ಟಿನಲ್ಲಿ ಸಿಕ್ಕುವಂತಿದ್ದ ಈ ನೋಟವನ್ನು ಹೊರಗಿನವರಿಗೆ ಮೆರೆದು ತೋರಿಸುವ ಮನಸ್ಸು ಯಾರಿಗಿದ್ದೀತು?

ಕಂದರವನ್ನು ಲೋಕಪ್ರಸಿದ್ಧಗೊಳಿಸಿದ್ದು ರೈಲು. 1901ರಲ್ಲಿ ಸಾಂತಾ ಫೇ ರೈಲುಮಾರ್ಗ ಅಂಚಿನವರೆಗೆ ಬಂತು. 1905ರಲ್ಲಿ ಹೋಟೆಲು ಎದ್ದಿತು. ಚಲನಚಿತ್ರವೂ ಹಿಂದುಳಿಯಲಿಲ್ಲ. ಎಲ್ಸ್‌ವರ್ತ್ ಮತ್ತು ಎಮರಿ ಕೋಲ್ಬ್ ಎಂಬ ಛಾಯಾಗ್ರಾಹಕ ಸಹೋದರರು 1911-12ರಲ್ಲಿ ಮರದ ದೋಣಿಗಳಲ್ಲಿ ಗ್ರೀನ್ ಮತ್ತು ಕೊಲರಾಡೋ ನದಿಗಳನ್ನು ಇಳಿಯುತ್ತ ಚಲನಚಿತ್ರ ತೆಗೆದರು. ಅದನ್ನು 1915ರಿಂದ ಕಂದರದ ಅಂಚಿನ ತಮ್ಮ ಚಿತ್ರಶಾಲೆಯಲ್ಲಿ ತೋರಿಸತೊಡಗಿದರು. ಎಮರಿ ಕೋಲ್ಬ್ 1976ರಲ್ಲಿ ಸಾಯುವವರೆಗೂ ಅದರ ಪ್ರದರ್ಶನ ನಡೆದುಬಂತು. ಬ್ಯೂರೋದ ಚಿತ್ರಗಳಂಥ ಎಷ್ಟೋ ಚಿತ್ರಗಳು ಹುಟ್ಟಿ ಮರೆಯಾದವು. ಇದು ಅರುವತ್ತು ವರ್ಷ ಬಾಳಿತು. ಆ ಸಹೋದರರ ವೃತ್ತಿಯ ಕಷ್ಟವೂ ಸಾಮಾನ್ಯವಲ್ಲ. ಬೆಳಿಗ್ಗೆ ಹೇಸರಗತ್ತೆಗಳ ಮೇಲೆ ಕಂದರಕ್ಕೆ ಇಳಿಯುವ ಪ್ರವಾಸಿಗಳ ಚಿತ್ರ ತೆಗೆಯುವುದು, ಅಂಚಿನಲ್ಲಿ ನೀರಿಲ್ಲ, ಗಾಜಿನ ಫಲಕಗಳನ್ನು ಹೊತ್ತು ಏಳು ಕಿಲೋಮೀಟರಿಗೂ ಹೆಚ್ಚು ದೂರ ಕೆಳಗೋಡಿ ಅಲ್ಲಿನ ಚಿಲುಮೆಯ ನೀರಿನಲ್ಲಿ ತೊಳೆದು, ಪ್ರವಾಸಿಗಳು ಹಿಂದಿರುಗುವಷ್ಟರಲ್ಲಿ ಮತ್ತೆ ಮೇಲೇರಿ ಬರುವುದು. ಆ ಚಿಲುಮೆಯ ಜಾಗಕ್ಕೆ 'ಇಂಡಿಯನ್ ಗಾರ್ಡನ್' ಎಂಬ ಹೆಸರಿತ್ತು. ಗಾರ್ಡನ್ ಎಂದು ಸುಮ್ಮನೆ ಕರೆದದ್ದಲ್ಲ. ಹವಾಸುಪಾಯ್ ಜನ ಅಲ್ಲಿ ಜೋಳ, ಅವರೆ, ಕುಂಬಳ ಬೆಳೆಯುತ್ತಿದ್ದರು. ಉದ್ಯಾನ ರಾಷ್ಟ್ರದ್ದಾದ ಮೇಲೆ ತೋಟದವರಿಗೆ ಅಲ್ಲಿ ಎಡೆಯಿಲ್ಲವಾಯಿತು. ಅವರಲ್ಲಿ ಕೊನೆಯವನನ್ನು 1928ರಲ್ಲಿ ಹೊರಹಾಕಿದರು. 1882ರಲ್ಲಿ ಐನೂರ ಹದಿನೆಂಟು ಎಕರೆಗೆ ಇಳಿಸಲಾಗಿದ್ದ ಆ ಜನಾಂಗದ ಭೂಮಿಗೆ 1975ರ ಕಾನೂನಿನಿಂದ ಸುಮಾರು ಒಂದು ಲಕ್ಷ ಎಂಬತ್ತೈದು ಸಾವಿರ ಎಕರೆ ಮರಳಿ ಸೇರಿತು. ಚಿಲುಮೆಯ ಸ್ಥಳಕ್ಕೆ 'ಹವಾಸುಪಾಯ್ ಗಾರ್ಡನ್ಸ್' ಎಂದು ಹೆಸರಿಟ್ಟದ್ದು 2022ರಲ್ಲಿ.

ಮೂಲಜನಾಂಗಗಳು ಪ್ರವಾಸಚಿತ್ರಗಳಲ್ಲಿ ಇರಲಿಲ್ಲವೆಂದಲ್ಲ. ಇದ್ದರು, ಬಂಡೆಯಂತೆ, ಕಳ್ಳಿಯಂತೆ, ನೋಡತಕ್ಕ ವಸ್ತುವಾಗಿ ಇದ್ದರು. ಹೋಟೆಲಿನ ಎದುರಿಗೇ 1905ರಲ್ಲಿ 'ಹೋಪಿ ಹೌಸ್' ಎಂಬ ಕಟ್ಟಡವನ್ನು ಕಟ್ಟಿ, ಹೋಪಿ ಕುಶಲಕರ್ಮಿಗಳನ್ನು ಅಲ್ಲಿ ಇರಿಸಿ, ಅವರು ನೇಯುವುದನ್ನೂ ಮಡಕೆ ಮಾಡುವುದನ್ನೂ ಪ್ರವಾಸಿಗಳಿಗೆ ತೋರಿಸಿ ಮಾರಾಟ ನಡೆಸಿದರು. ಹೋಪಿಗಳ ಹಳ್ಳಿಗಳು ಅಲ್ಲಿಂದ ದೂರದಲ್ಲಿ, ಕಡಿದಾದ ಪ್ರಸ್ಥಗಳ ಮೇಲಿವೆ. ಮಳೆಗಾಗಿ ಅವರು ನಡೆಸುವ ಸರ್ಪನೃತ್ಯವೆಂಬ ವ್ರತಾಚರಣೆಯುಂಟು. ಹಿಡಿದು ತಂದ ಹಾವುಗಳನ್ನು ಆಚರಣೆಯ ತರುವಾಯ ಬಯಲಿಗೆ ಬಿಟ್ಟುಬಿಡುತ್ತಾರೆ. ಈ ಸುದ್ದಿ ಹರಡಿದ್ದೇ ತಡ, ಕ್ಯಾಮರಾ ಹೊತ್ತವರ ಜಾತ್ರೆ ನೆರೆಯಿತು. 1913ರಲ್ಲಿ ಮಾಜಿ ಅಧ್ಯಕ್ಷ ರೂಸ್ವೆಲ್ಟರೂ ವಾಲ್ಪಿ ಗ್ರಾಮಕ್ಕೆ ಹೋಗಿ ನೋಡಿ ಬಂದು ಬರೆದರು. ಮೂರುಕಾಲಿನ ಸ್ಟ್ಯಾಂಡುಗಳ ಸಾಲು ದೇವಕಾರ್ಯಕ್ಕೆ ಅಡ್ಡವಾಗಿ ನಿಂತಾಗ ಹೋಪಿ ಹಿರಿಯರು ಒಂದು ನಿರ್ಧಾರ ಮಾಡಿದರು: ಇನ್ನು ಚಿತ್ರ ತೆಗೆಯುವಂತಿಲ್ಲ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಹೇರಿದ ಆ ನಿಷೇಧ ಇಂದಿಗೂ ಜಾರಿಯಲ್ಲಿದೆ. ಹಳ್ಳಿಗಳಲ್ಲಿ ಛಾಯಾಚಿತ್ರವಿರಲಿ, ಧ್ವನಿಮುದ್ರಣವನ್ನಾಗಲಿ ಕೈಯಲ್ಲಿ ರೇಖಾಚಿತ್ರ ಬರೆಯುವುದನ್ನಾಗಲಿ ಒಪ್ಪುವುದಿಲ್ಲ. ಪ್ರಚಾರವನ್ನೇ ಉಸಿರಾಡಿದ ಒಂದು ಸಂಸ್ಥಾನದ ನಡುವೆ, ಕೇವಲ ಕೆಲವು ಸಾವಿರ ಜನರ ಸಮುದಾಯವೊಂದು 'ನಮ್ಮನ್ನು ತೋರಿಸಬೇಡಿ' ಎಂದು ಹೇಳಿ ಅದನ್ನು ನಡೆಸಿಕೊಂಡು ಬಂದದ್ದು ಸಾಮಾನ್ಯ ಸಂಗತಿಯಲ್ಲ.

ಇನ್ನು ತಾಮ್ರ. 1910ರ ಹೊತ್ತಿನಿಂದ ಅಮೆರಿಕದಲ್ಲಿ ಅತಿಹೆಚ್ಚು ತಾಮ್ರ ತೆಗೆಯುವ ಸಂಸ್ಥಾನ ಅರಿಜೋನಾ. ಬ್ಯೂರೋದ ಚಿತ್ರಗಳು ಈ ಭಾಗಕ್ಕೆ ಬಂದಾಗ ಅವುಗಳ ನಿಜವಾದ ಗುಣ ಕಾಣುತ್ತದೆ, ಅದನ್ನು ಒಪ್ಪಲೇಬೇಕು. ತೆಗೆದವರು ಗಣಿಯನ್ನು ಬಲ್ಲವರು. ಅಲ್ಲಿನ ಅದಿರು ಬಡ ಅದಿರು. ನೂರು ಕಿಲೋ ಕಲ್ಲನ್ನು ಒಡೆದರೆ ಒಂದು ಕಿಲೋ ತಾಮ್ರ ಸಿಗುವುದೂ ಅನುಮಾನ. ಬೆಟ್ಟವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು, ಕಲ್ಲನ್ನು ಹಿಟ್ಟಿನಂತೆ ಅರೆದು, ನೀರು ಮತ್ತು ಎಣ್ಣೆಯಂಥ ದ್ರವ್ಯಗಳೊಡನೆ ಕಲಕಿ ಗಾಳಿಯೂದಿದರೆ ತಾಮ್ರದ ಕಣಗಳು ನೊರೆಗೆ ಅಂಟಿ ಮೇಲೆ ತೇಲುತ್ತವೆ, ಕಲ್ಲಿನ ಕೆಸರು ತಳಕ್ಕಿಳಿಯುತ್ತದೆ. ನೊರೆಯನ್ನು ಕೆನೆಯಂತೆ ತೆಗೆದು ಒಣಗಿಸಿ ಕುಲುಮೆಗೆ ಹಾಕುತ್ತಾರೆ. ಇಷ್ಟು ಬೃಹತ್ತಾದ ಕ್ರಿಯೆಯನ್ನು ಮಗುವಿಗೂ ಅರ್ಥವಾಗುವಂತೆ ತೋರಿಸುವ ಶಕ್ತಿ ಚಲನಚಿತ್ರಕ್ಕೆ ಮಾತ್ರ ಉಂಟು. ಆದರೆ ಯಂತ್ರದ ಅಳತೆ ತಿಳಿಯಲೆಂದು ಪಕ್ಕದಲ್ಲಿ ನಿಲ್ಲಿಸಿದ ಮನುಷ್ಯ ಪರದೆಯ ಮೇಲೆ ಇರುವೆಯಷ್ಟು ಕಾಣುತ್ತಾನೆ. ಆತನಿಗೆ ಹೆಸರಿಲ್ಲ, ಕೂಲಿಯಿಲ್ಲ, ಊರಿಲ್ಲ.

ಅವನ ಊರುಗಳಲ್ಲಿ ಬಿಸ್ಬೀ ಒಂದು. ಮೆಕ್ಸಿಕೋ ಗಡಿಯ ಸಮೀಪದ ಈ ತಾಮ್ರದ ಪಟ್ಟಣದಲ್ಲಿ ಫೆಲ್ಪ್ಸ್ ಡಾಜ್ ಕಂಪನಿಯದೇ ದರ್ಬಾರು. ಗಣಿ ಅದರದು, ಆಸ್ಪತ್ರೆ ಅದರದು, ದೊಡ್ಡ ಅಂಗಡಿ ಅದರದು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ತಾಮ್ರದ ಬೆಲೆ ಏರಿದಾಗ, ಕೂಲಿ ಮತ್ತು ಸುರಕ್ಷತೆಯ ಬೇಡಿಕೆಯಿಟ್ಟು 1917ರ ಜೂನ್ ಕೊನೆಯಲ್ಲಿ ಕಾರ್ಮಿಕರು ಮುಷ್ಕರ ಹೂಡಿದರು. ಅವರಲ್ಲಿ ಮೆಕ್ಸಿಕನ್ನರೂ ಪೂರ್ವ ಯೂರೋಪಿನವರೂ ಬಹಳ. ಜುಲೈ 12ರ ಬೆಳಗಿನ ಜಾವದಲ್ಲಿ ಷೆರೀಫ್ ಹ್ಯಾರಿ ವೀಲರನ ನಾಯಕತ್ವದಲ್ಲಿ, ತೋಳಿಗೆ ಬಿಳಿಪಟ್ಟಿ ಕಟ್ಟಿದ ಸುಮಾರು ಎರಡು ಸಾವಿರ ಮಂದಿ ಬಂದೂಕು ಹಿಡಿದು ಮನೆಮನೆಗೆ ನುಗ್ಗಿ ಮುಷ್ಕರದವರನ್ನೂ ಅವರ ಕಡೆಯವರೆಂದು ತೋರಿದವರನ್ನೂ ಹಿಡಿದು ತಂದರು. ಬೇಸ್‌ಬಾಲ್ ಮೈದಾನವೊಂದರಲ್ಲಿ ಅವರನ್ನು ಕೂಡಿಹಾಕಿ, ದನಗಳನ್ನು ಸಾಗಿಸುವ ಇಪ್ಪತ್ತಮೂರು ರೈಲುಡಬ್ಬಿಗಳಿಗೆ ತುಂಬಿದರು. ಡಬ್ಬಿಗಳಲ್ಲಿ ಸಗಣಿ ಇನ್ನೂ ಇತ್ತು. ಸುಮಾರು 1,200 ಜನರನ್ನು ಹೊತ್ತ ಆ ರೈಲು ಜುಲೈ ತಿಂಗಳ ಮರುಭೂಮಿಯ ಬಿಸಿಲಿನಲ್ಲಿ ಸುಮಾರು 320 ಕಿಲೋಮೀಟರ್ ಸಾಗಿ, ನೆರೆಯ ನ್ಯೂ ಮೆಕ್ಸಿಕೋ ಸಂಸ್ಥಾನದ ಹರ್ಮನಾಸ್ ಎಂಬ ಬಯಲಿನಲ್ಲಿ ಅವರನ್ನು ಬಿಟ್ಟಿತು. ಸುದ್ದಿ ಹೊರಗೆ ಹೋಗದಂತೆ ತಂತಿ ಮತ್ತು ಟೆಲಿಫೋನುಗಳನ್ನು ಹತೋಟಿಯಲ್ಲಿಟ್ಟುಕೊಂಡಿದ್ದರು. ಅಧ್ಯಕ್ಷ ವಿಲ್ಸನ್ ನೇಮಿಸಿದ ಆಯೋಗ ಆ ವರ್ಷದ ನವೆಂಬರಿನಲ್ಲಿ ಈ ಕೃತ್ಯಕ್ಕೆ ಯಾವ ಕಾನೂನಿನ ಆಧಾರವೂ ಇಲ್ಲವೆಂದು ವರದಿ ಮಾಡಿತು. 1920ರಲ್ಲಿ ಸರ್ವೋಚ್ಚ ನ್ಯಾಯಾಲಯ, ಇದನ್ನು ಶಿಕ್ಷಿಸುವ ಹೊಣೆ ಒಕ್ಕೂಟದ್ದಲ್ಲ, ಸಂಸ್ಥಾನದ್ದು ಎಂದಿತು. ಸಂಸ್ಥಾನ ಯಾರನ್ನೂ ಶಿಕ್ಷಿಸಲಿಲ್ಲ. ಗಣಿ ಉದ್ಯಮದ ಹಣದಿಂದ ತಯಾರಾಗುವ ಚಿತ್ರಗಳಲ್ಲಿ ಈ ಜುಲೈ 12 ಏಕೆ ಬರುವುದಿಲ್ಲವೆಂದು ಬಿಡಿಸಿ ಹೇಳಬೇಕಾಗಿಲ್ಲ.

ಮರುಭೂಮಿಯನ್ನು ಹಸುರುಗೊಳಿಸಿದ ಅಣೆಕಟ್ಟು ಇಂಥ ಚಿತ್ರಗಳಿಗೆ ಮಂಗಳಾರತಿಯಿದ್ದಂತೆ. 1911ರಲ್ಲಿ ಉದ್ಘಾಟನೆಯಾದ ರೂಸ್ವೆಲ್ಟ್ ಅಣೆಕಟ್ಟು ಕಲ್ಲಿನ ಕಟ್ಟಡಗಳಲ್ಲಿ ಆ ಕಾಲದ ಮಹತ್ಕಾರ್ಯವೇ ಸರಿ. ಅಲ್ಲಿಗೆ ಹೋಗುವ ಬೆಟ್ಟದ ರಸ್ತೆಯನ್ನು ಕಡಿದವರು ಬಹುಮಟ್ಟಿಗೆ ಅಪಾಚೆ ಕೂಲಿಗಾರರು. ಆದರೆ 'ಬರಿಯ ಮರಳಿದ್ದಲ್ಲಿ ತೋಟವೆದ್ದಿತು' ಎಂಬ ಮಾತು ಇತಿಹಾಸಕ್ಕೆ ಸಲ್ಲದು. ಫೀನಿಕ್ಸ್ ನಗರದ ಸುತ್ತ ಹೊಹೊಕಾಮ್ ಎಂದು ವಿದ್ವಾಂಸರು ಕರೆಯುವ ಪ್ರಾಚೀನ ಜನ ಹದಿನೈದನೆಯ ಶತಮಾನದವರೆಗೆ ನೂರಾರು ಕಿಲೋಮೀಟರ್ ಕಾಲುವೆಗಳನ್ನು ತೋಡಿ ಬೇಸಾಯ ಮಾಡಿದ್ದರು. 1867ರ ಸುಮಾರಿಗೆ ಬಂದ ಬಿಳಿಯರು ಹೊಸದಾಗಿ ತೋಡುವುದಕ್ಕೆ ಬದಲು ಆ ಹೂತ ಕಾಲುವೆಗಳ ಜಾಡಿನಲ್ಲೇ ನೀರು ಹರಿಸಿದರು. ಬೂದಿಯಿಂದ ಮರುಹುಟ್ಟು ಪಡೆಯುವ ಹಕ್ಕಿಯ ಹೆಸರನ್ನು ಊರಿಗೆ ಇಟ್ಟದ್ದೂ ಆ ಹಳೆಯ ಅವಶೇಷಗಳನ್ನು ಕಂಡೇ. ಕನ್ನಂಬಾಡಿಯ ಕಟ್ಟೆಗಿಂತ ಮೊದಲೇ ಕಾವೇರಿಗೆ ಒಡ್ಡುಗಳೂ ಚಿಕ್ಕದೇವರಾಜ ನಾಲೆಯೂ ಇದ್ದವೆಂದು ಬಲ್ಲ ನಮಗೆ ಇದು ಸುಲಭವಾಗಿ ತಿಳಿಯುತ್ತದೆ.

ಪೀಮಾ ಜನರ ಕಥೆ ಇನ್ನೂ ಕರುಣಾಜನಕ. ಹೀಲಾ ನದಿಯ ದಂಡೆಯಲ್ಲಿ ಗೋದಿ ಬೆಳೆದು 1860ರ ದಶಕದಲ್ಲಿ ಸೈನ್ಯಕ್ಕೂ ದಾರಿಹೋಕರಿಗೂ ಮಾರುತ್ತಿದ್ದ ಸಮೃದ್ಧ ರೈತರು ಅವರು. ಮೇಲುಭಾಗದಲ್ಲಿ ವಲಸೆಗಾರರು ನದಿಯನ್ನು ತಿರುಗಿಸಿಕೊಂಡರು. ನದಿ ಬತ್ತಿತು, ಹಸಿವು ಬಂತು. ಅವರಿಗಾಗಿಯೇ ಎಂದು ಕಟ್ಟಿದ ಕೂಲಿಜ್ ಅಣೆಕಟ್ಟು 1930ರಲ್ಲಿ ಉದ್ಘಾಟನೆಯಾದಾಗ ಜಲಾಶಯದ ತಳದಲ್ಲಿ ಹುಲ್ಲು ಬೆಳೆದಿತ್ತು. ಸಮಾರಂಭಕ್ಕೆ ಬಂದಿದ್ದ ವಿನೋದಗಾರ ವಿಲ್ ರಾಜರ್ಸ್, ಈ ಸರೋವರ ತನ್ನದಾಗಿದ್ದರೆ ಹುಲ್ಲು ಕೊಯ್ಸುತ್ತಿದ್ದೆನೆಂದು ಹಾಸ್ಯ ಮಾಡಿದನೆಂದು ಪ್ರತೀತಿ. ಪೀಮಾಗಳ ನೀರಿನ ಹಕ್ಕು ಕಾನೂನಿನಲ್ಲಿ ಇತ್ಯರ್ಥವಾದದ್ದು 2004ರಲ್ಲಿ.

ಪ್ರಶಸ್ತಿಯಲ್ಲಿ ಹೇಳಿದ್ದು ಸುಳ್ಳೆಂದಲ್ಲ. ಕಂದರವೂ ಉಂಟು, ಕುಲುಮೆಯೂ ಉಂಟು, ಕಿತ್ತಳೆಯೂ ಉಂಟು. ಚೌಕಟ್ಟಿನ ಪ್ರತಿಯೊಂದು ವಸ್ತುವೂ ನಿಜ. ಚೌಕಟ್ಟನ್ನು ಹಾಕಿದವರು ಬೇರೆ. ಆ ಚೌಕಟ್ಟಿನ ಅಂಚಿನಾಚೆ ಅದೇ ದಶಕಗಳಲ್ಲಿ ಏನೇನು ನಡೆಯುತ್ತಿತ್ತೆಂದು ನೋಡಿದರೆ ದಿಗಿಲಾಗುತ್ತದೆ. 1942ರಿಂದ 1945ರವರೆಗೆ ಅರಿಜೋನಾದ ಪೋಸ್ಟನ್ ಮತ್ತು ಹೀಲಾ ರಿವರ್ ಶಿಬಿರಗಳಲ್ಲಿ ಜಪಾನೀ ಮೂಲದ ಜನರನ್ನು, ಬಹುಪಾಲು ಅಮೆರಿಕದ ಪ್ರಜೆಗಳನ್ನೇ, ಯಾವ ವಿಚಾರಣೆಯೂ ಇಲ್ಲದೆ ಮುಳ್ಳುತಂತಿಯೊಳಗೆ ಇರಿಸಿದ್ದರು. ಎರಡರ ಜನಸಂಖ್ಯೆ ಸೇರಿ ಮೂವತ್ತು ಸಾವಿರದ ಸಮೀಪಕ್ಕೆ ಏರಿತ್ತು. ಎರಡೂ ಶಿಬಿರಗಳು ಮೂಲಜನಾಂಗಗಳ ಮೀಸಲು ಭೂಮಿಯಲ್ಲಿ, ಅವರ ವಿರೋಧವನ್ನು ಲೆಕ್ಕಿಸದೆ ಎದ್ದವು. ಆ ಭೂಮಿಯ ಒಡೆಯರಾದ ಜನರಿಗೆ ಅರಿಜೋನಾದಲ್ಲಿ ಮತದಾನದ ಹಕ್ಕು ದೊರೆತದ್ದು 1948ರಲ್ಲಿ, ನ್ಯಾಯಾಲಯದ ತೀರ್ಪಿನಿಂದ.

ಗಣಿ ಬ್ಯೂರೋದ ಹುಟ್ಟಿನ ಉದ್ದೇಶವನ್ನು ಇಲ್ಲಿ ಮತ್ತೆ ನೆನೆಯಬೇಕು. 1944ರಿಂದ 1986ರವರೆಗೆ ನವಾಹೋ ಜನರ ಭೂಮಿಯಿಂದ ಸುಮಾರು ಮೂರು ಕೋಟಿ ಟನ್ ಯುರೇನಿಯಂ ಅದಿರನ್ನು ತೆಗೆದರು. ಗಣಿಯೊಳಗೆ ಸರಿಯಾದ ಗಾಳಿಯ ವ್ಯವಸ್ಥೆಯಿರಲಿಲ್ಲ. 1950ರಿಂದ ಸರಕಾರದ ಆರೋಗ್ಯ ಸೇವೆ ಆ ಕಾರ್ಮಿಕರನ್ನು ಪರೀಕ್ಷಿಸುತ್ತ ಬಂದರೂ ಅಪಾಯವೇನೆಂದು ಅವರಿಗೆ ತಿಳಿಸಲಿಲ್ಲ. ಶ್ವಾಸಕೋಶದ ಕ್ಯಾನ್ಸರಿನಿಂದ ಸತ್ತವರ ಕುಟುಂಬಗಳಿಗೆ ಪರಿಹಾರ ನೀಡುವ ಕಾನೂನು ಬಂದದ್ದು 1990ರಲ್ಲಿ. ಐನೂರಕ್ಕೂ ಹೆಚ್ಚು ಪಾಳುಗಣಿಗಳು ಅಲ್ಲಿ ಉಳಿದಿವೆ. ಭಾಷೆ ಬಾರದ ಕಾರ್ಮಿಕನಿಗೆ ಅಪಾಯವನ್ನು ಚಿತ್ರದ ಮೂಲಕ ತಿಳಿಸಬಹುದೆಂದು ಕಂಡುಕೊಂಡಿದ್ದ ದೇಶದಲ್ಲಿ, ಇಂಗ್ಲಿಷು ಬಾರದ ಎಷ್ಟೋ ನವಾಹೋ ಗಣಿಗಾರರು ಏನೂ ತಿಳಿಯದೆ ಸತ್ತರು. ಈ ಒಂದು ಸಂಗತಿಯ ಮುಂದೆ ಆ ಚಿತ್ರಗಳ ಉಳಿದ ದೋಷಗಳೆಲ್ಲ ಚಿಕ್ಕವೆಂದು ನಮಗೆ ತೋರುತ್ತದೆ. ಬ್ಯೂರೋ 1996ರಲ್ಲಿ ಮುಚ್ಚಿತು.

ಹಾಗಾದರೆ ಇಂಥ ಚಿತ್ರಗಳ ಬೆಲೆಯೇನು? ಚತುಸ್ಸೀಮೆಯ ಹುಣಿಸೆಮರದ ಮಾತನ್ನು ಮೇಲೆ ಹೇಳಿದೆ. 1963ರಲ್ಲಿ ಗ್ಲೆನ್ ಕ್ಯಾನಿಯನ್ ಅಣೆಕಟ್ಟಿನ ಬಾಗಿಲು ಮುಚ್ಚಿದಾಗ ಕೊಲರಾಡೋ ನದಿಯ ಅತ್ಯಂತ ಸುಂದರವಾದ ಕಣಿವೆಯೊಂದು, ಅದರಲ್ಲಿದ್ದ ಪ್ರಾಚೀನ ವಸತಿಗಳ ಅವಶೇಷಗಳೊಡನೆ, ನೀರಿನಡಿ ಮುಳುಗಿತು. ಅಣೆಕಟ್ಟುಗಳು ಏಳುವ ಮೊದಲಿನ ನದಿಯ ರಭಸ ಹೇಗಿತ್ತೆಂದು ಇಂದು ಯಾರಾದರೂ ಕಾಣಬಯಸಿದರೆ ಕೋಲ್ಬ್ ಸಹೋದರರ ರೀಲುಗಳಂಥ ಚಿತ್ರಗಳೇ ಗತಿ. ಫೀನಿಕ್ಸಿನ ಬಟ್ಟೆ ವ್ಯಾಪಾರಿ ಬ್ಯಾರಿ ಗೋಲ್ಡ್‌ವಾಟರ್ 1940ರಲ್ಲಿ ಅದೇ ನದಿಯಲ್ಲಿ ದೋಣಿಯಲ್ಲಿ ಹೋಗಿ ತೆಗೆದ ಚಿತ್ರವನ್ನು ಊರೂರಿಗೆ ಒಯ್ದು ತೋರಿಸಿ ಹೆಸರಾದ. ಮುಂದೆ ಸೆನೆಟರನಾಗಿ, 1964ರಲ್ಲಿ ಅಧ್ಯಕ್ಷಪದವಿಗೂ ಸ್ಪರ್ಧಿಸಿದ. ಗ್ಲೆನ್ ಕ್ಯಾನಿಯನ್ ಅಣೆಕಟ್ಟಿಗೆ ಮತ ಕೊಟ್ಟದ್ದಕ್ಕಾಗಿ ಆತ ಮುಪ್ಪಿನಲ್ಲಿ ವಿಷಾದಿಸಿದ್ದು ದಾಖಲೆಯಾಗಿದೆ. ಪ್ರಚಾರಚಿತ್ರಗಳು ಬಹುಕಾಲ ಯಾರಿಗೂ ಬೇಡವಾಗಿದ್ದವು. ರಿಕ್ ಪ್ರೆಲಿಂಗರ್ ಎಂಬವರು 1980ರ ದಶಕದಿಂದ ಕಸಕ್ಕೆ ಹೋಗಲಿದ್ದ ಇಂಥ ಸಾವಿರಾರು ರೀಲುಗಳನ್ನು ಕೂಡಿಹಾಕಿದರು. 2002ರಲ್ಲಿ ಆ ಸಂಗ್ರಹವನ್ನು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಪಡೆದುಕೊಂಡಿತು. ವ್ಯಾಖ್ಯಾನಕಾರನ ಕಂಠವನ್ನು ನಿಲ್ಲಿಸಿ ಚಿತ್ರವನ್ನಷ್ಟೇ ನೋಡುವವನಿಗೆ ಬೀದಿ, ಬಟ್ಟೆ, ಉಪಕರಣ, ಹೊಗೆ, ನದಿ, ಅಂಚಿನಲ್ಲಿ ಹಾದುಹೋಗುವ ಮುಖಗಳು ದೊರೆಯುತ್ತವೆ.

ಪ್ರಚಾರ ಫಲಿಸಿತೇ ಎಂದರೆ, ಫಲಿಸಿತು. 2020ರ ಗಣತಿಯಲ್ಲಿ ಅರಿಜೋನಾದ ಜನಸಂಖ್ಯೆ 71 ಲಕ್ಷ ದಾಟಿದೆ. ಹವೆಯನ್ನು ಹುಡುಕಿ ಬಂದವರೇ ಅದರಲ್ಲಿ ಬಹಳ. ಅಷ್ಟು ಜನಕ್ಕೆ ನೀರೆಲ್ಲಿಂದ ಎಂಬುದು ಈಗಿನ ಚಿಂತೆ.

ಬಿಸ್ಬೀಯ ತೆರೆದ ಗಣಿ 1974ರಲ್ಲಿ, ಸುರಂಗಗಣಿಗಳು 1975ರಲ್ಲಿ ನಿಂತವು. ಊರು ಪಾಳುಬೀಳುವುದರಲ್ಲಿತ್ತು. 1976ರಲ್ಲಿ ಊರವರು ಕ್ವೀನ್ ಗಣಿಯ ಬಾಗಿಲನ್ನು ಪ್ರವಾಸಿಗಳಿಗೆ ತೆರೆದರು. ಟಿಕೆಟು ಕೊಂಡವರಿಗೆ ಟೊಪ್ಪಿಗೆ, ದೀಪ, ಮೇಲಂಗಿ ತೊಡಿಸಿ ಪುಟ್ಟ ರೈಲಿನಲ್ಲಿ ಒಳಗೆ ಕರೆದೊಯ್ಯುತ್ತಾರೆ. ದಾರಿ ತೋರಿಸಿದವರಲ್ಲಿ ನಿವೃತ್ತ ಗಣಿಗಾರರೇ ಇದ್ದರು. ಊರ ಪಕ್ಕದ ಮಹಾಗುಂಡಿಯ ಅಂಚಿಗೆ ತಂತಿಬೇಲಿ ಹಾಕಿ ನೋಟದ ಸ್ಥಳವನ್ನು ಮಾಡಿದ್ದಾರೆ. ಖನಿಜ ಸಂಪತ್ತೇ ಪ್ರೇಕ್ಷಣೀಯ ಅದ್ಭುತವಾಯಿತು. 2017ರಲ್ಲಿ ಗಡೀಪಾರಿನ ನೂರನೆಯ ವರ್ಷ ಬಂದಾಗ ಅಲ್ಲಿನ ನಿವಾಸಿಗಳು ಆ ದಿನವನ್ನು ಬೀದಿಗಳಲ್ಲಿ ತಾವೇ ಅಭಿನಯಿಸಿದರು. ಕೆಲವರು ಬಂದೂಕು ಹಿಡಿದವರಾದರು, ಕೆಲವರು ಡಬ್ಬಿ ಹತ್ತಿದವರಾದರು. ರಾಬರ್ಟ್ ಗ್ರೀನ್ ಎಂಬ ನಿರ್ದೇಶಕ ಅದನ್ನು ಚಿತ್ರವಾಗಿ ತೆಗೆದು 2018ರಲ್ಲಿ ಬಿಡುಗಡೆ ಮಾಡಿದ. ಆ ಚಿತ್ರದಲ್ಲಿ ಅಣ್ಣತಮ್ಮಂದಿರಿಬ್ಬರು ಕಾಣಿಸಿಕೊಳ್ಳುತ್ತಾರೆ. 1917ರಲ್ಲಿ ಅವರ ಅಜ್ಜ ಬಿಳಿಪಟ್ಟಿ ಕಟ್ಟಿ ಹೋಗಿ, ಮುಷ್ಕರದಲ್ಲಿದ್ದ ತನ್ನ ಒಡಹುಟ್ಟಿದವನನ್ನೇ ಹಿಡಿದು ತಂದಿದ್ದ.